ಕೆಂಪು ಟಾಪು, ಬೂದು ಒಳಮೈ

ಮುನ್ನೂರ ಹನ್ನೆರಡು. ಇದು ನನ್ನ ವಯಸ್ಸಲ್ಲ, ನನ್ನ ಮೇಲಿರುವ ಕೇಸುಗಳ ಸಂಖ್ಯೆಯೂ ಅಲ್ಲ. ಈ ಹತ್ತು ಬೆರಳುಗಳಲ್ಲಿ ನಾನು ಟೈಪ್ ಮಾಡಿದ ಬಯೋಡೇಟಾಗಳು. ಸೈಕಲ್ ನೆಟ್ಟಗೆ ನಿಲ್ಲಿಸಲು ಬಾರದವನನ್ನು 'ವಾಹನ ನಿಲುಗಡೆ ಮೇಲ್ವಿಚಾರಕ' ಮಾಡಿದ್ದೇನೆ. ಬಾಯಿ ಬಿಟ್ಟರೆ ಜಗಳ ಕಾಯುವ ಹೆಂಗಸಿಗೆ 'ಎಲ್ಲರೊಡನೆ ಬೆರೆಯುವ ಗುಣ' ಅಂತ ಬರೆದಿದ್ದೇನೆ. ಅವಳಿಗೆ ಕೆಲಸವೂ ಸಿಕ್ಕಿತು, ಅಲ್ಲಿ ಜಗಳವೂ ಆಯಿತು, ಅದು ಬೇರೆ ವಿಷಯ. ದೇವರು ಹಣೆಬರಹ ಬರೆಯುವಾಗ ಮಾಡಿದ ಟೈಪಿಂಗ್ ತಪ್ಪುಗಳನ್ನು ತಿದ್ದುವವನು ನಾನು. ನಾನು ಬರೆದ ಬಯೋಡೇಟಾ ಮೇಜಿನ ಮೇಲೆ ಬಿದ್ದರೆ ಮೇಜೇ ಎದ್ದು ನಿಲ್ಲಬೇಕು.

ಈ ಮುನ್ನೂರ ಹನ್ನೆರಡರಲ್ಲಿ ಕಿರೀಟ ಅಂದರೆ ನಮ್ಮ ಅಕ್ಕನದು. ಒಂದೇ ಒಂದು ಸಾಲು, ಒಂದೇ ಒಂದು ಫೋನ್ ಕಾಲ್, ಅವಳಿಗೆ ಕೆಲಸ! ಆದರೆ ಹೀರೋ ತಾನೇ ತನ್ನ ಕತೆ ಹೇಳಿಕೊಂಡರೆ ತುತ್ತೂರಿ ಊದಿದ ಹಾಗಾಗುತ್ತದೆ. ಅದಕ್ಕೆ ಇನ್ನು ಮುಂದೆ ಇದರಲ್ಲಿ 'ನಾನು' ಇಲ್ಲ. ಒಬ್ಬ ತಮ್ಮ ಬರುತ್ತಾನೆ. ವಯಸ್ಸು ಇಪ್ಪತ್ತಮೂರು, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ನೋಡಲು ಲಕ್ಷಣವಾಗಿದ್ದಾನೆ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ, ಅದನ್ನು ಸ್ಟೈಲು ಅಂದುಕೊಳ್ಳಿ. ಅವನಿಲ್ಲದ ಜಾಗದಲ್ಲಿ ನಡೆದದ್ದನ್ನೆಲ್ಲ ಅಕ್ಕನೇ ಹೇಳಿದ್ದು. ಒಂದೇ ಸಲ ಅಲ್ಲ, ಕಂತು ಕಂತಾಗಿ.

ಶುಕ್ರವಾರ ಬೆಳಿಗ್ಗೆಯಿಂದ ಅಕ್ಕ ಕೂತ ಕಡೆ ಕೂತಿರಲಿಲ್ಲ, ನಿಂತ ಕಡೆ ನಿಂತಿರಲಿಲ್ಲ. ಊಟದ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಮೇಲ್ಗಡೆ ತನ್ನ ಹೆಸರು ಬರೆಯುತ್ತಾಳೆ, ಓದು ಬರೆಯುತ್ತಾಳೆ, ಮಿಲ್ಲಿನ ಹೆಸರು ಬರೆಯುತ್ತಾಳೆ, ಅಲ್ಲಿ ದುಡಿದ ಒಂಬತ್ತು ವರ್ಷ ಬರೆಯುತ್ತಾಳೆ. ಅದಾದ ಮೇಲೆ ಪೆನ್ನು ನಿಲ್ಲುತ್ತದೆ. ಎದ್ದು ಹೋಗಿ ನಲ್ಲಿ ಬಿಗಿ ಮಾಡುತ್ತಾಳೆ, ಅದು ಆಗಲೇ ಬಿಗಿಯಾಗಿರುತ್ತದೆ. ವಾಪಸ್ ಬಂದು ಹಾಳೆ ಮುದುರಿ ಎಸೆಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಕಸದ ಬುಟ್ಟಿಯಲ್ಲಿ ಹನ್ನೊಂದು ಬಯೋಡೇಟಾಗಳಿದ್ದವು. ಎಲ್ಲವೂ ಒಂದೇ ಜಾಗದಲ್ಲಿ ಕೊನೆಯುಸಿರು ಎಳೆದಿದ್ದವು.

ಅಕ್ಕ ಕೆಲಸ ಮಾಡುತ್ತಿದ್ದದ್ದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ, ಅದರ ಲ್ಯಾಬಿನಲ್ಲಿ. ಗಿರಾಕಿ ಒಂದು ಚೂರು ಬಟ್ಟೆ ತಂದು, ನನಗೆ ಇದೇ ಬಣ್ಣ ಬೇಕು ಅನ್ನುತ್ತಾನೆ. ಲ್ಯಾಬಿನವರು ಬಣ್ಣ ಕಲಸಿ ಇನ್ನೊಂದು ಚೂರು ಅದ್ದಿ ಕೊಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಹೌದೋ ಅಲ್ಲವೋ ಅಂತ ಹೇಳುವುದು ಅಕ್ಕನ ಕೆಲಸ. ಅವಳು ಸಹಿ ಹಾಕಿದರೆ ಸಾವಿರಾರು ಮೀಟರ್ ಬಟ್ಟೆ ತೊಟ್ಟಿಗೆ ಇಳಿಯುತ್ತಿತ್ತು. ಹಾಕದಿದ್ದರೆ ಮಾಲೀಕನೇ ಬಂದು ನಿಂತರೂ ಇಳಿಯುತ್ತಿರಲಿಲ್ಲ. ಆ ಲ್ಯಾಬನ್ನು ಬಿಟ್ಟು ಈಗ ಏಳು ವರ್ಷ. ಗುರುವಾರ ಹಳೆಯ ಜೊತೆಗಾತಿಯೊಬ್ಬಳು ಫೋನ್ ಮಾಡಿ, "ಒಂದು ಸೀಟು ಖಾಲಿಯಾಗಿದೆ ಕಣೇ, ಸೋಮವಾರ ಹತ್ತಕ್ಕೆ ಬಯೋಡೇಟಾ ಕೈಲಿ ಹಿಡ್ಕೊಂಡು ಬಾ, ಹೊಸ ಮೇಡಂ ಅಲ್ಲೇ ನೋಡಿ ಅಲ್ಲೇ ಹೇಳ್ತಾರೆ" ಅಂದಿದ್ದಳು.

ಭಾವ ಬೇಕರಿಯಲ್ಲಿ ಒಲೆ ನೋಡುವವರು. ನಸುಕಿಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಾರೆ. ಆವತ್ತೂ ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡು ಬಂದರು.

"ರೀ, ಈ ಏಳು ವರ್ಷ ನಾನೇನ್ ಮಾಡ್ದೆ?" ಅಂದಳು ಅಕ್ಕ.

"ಏನ್ ಮಾಡ್ಲಿಲ್ಲ ಹೇಳು."

"ಹಾಗಂತ ಬರೆಯೋಕಾಗುತ್ತಾ?"

"ಹಾಗಾದ್ರೆ ಮನೇಲಿದ್ದೆ ಅಂತ ಬರಿ."

"ಮನೇಲಿದ್ದೆ ಅಂದ್ರೆ ಮಲಗಿದ್ದೆ ಅನ್ಕೋತಾರೆ."

"ಈ ಮನೇಲಿ ಮಲಗೋರು ಯಾರು ಅಂತ ಗೋಡೆನ ಕೇಳಿದ್ರೂ ಹೇಳುತ್ತೆ," ಅಂದು ಭಾವ ಮಲಗಲು ಹೋದರು.

ಅಕ್ಕ ಮತ್ತೆ ಎದ್ದಳು. ಒಣಗಿದ ಬಟ್ಟೆ ಮಡಚಲು ಹೋಗಿ ಮಗಳ ಎರಡು ಕಾಲುಚೀಲ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತುಬಿಟ್ಟಳು. ಒಂದರ ಮೇಲೆ ಒಂದಿಟ್ಟಳು, ಪಕ್ಕಕ್ಕಿಟ್ಟಳು, ತಿರುಗಿಸಿಟ್ಟಳು.

"ಅಮ್ಮಾ, ಎರಡೂ ಬಿಳೀನೇ," ಅಂದಳು ಪುಟ್ಟಿ. ಅವಳಿಗೆ ಆರೂ ಮುಕ್ಕಾಲು ವರ್ಷ, ಮುಕ್ಕಾಲನ್ನು ಬಿಟ್ಟು ಹೇಳಿದರೆ ಸಿಟ್ಟು.

"ಅಲ್ಲ. ಇದು ಹಾಲು, ಇದು ಸುಣ್ಣ."

"ಹಂಗಾದ್ರೆ ನಾನು ಒಂದು ಕಾಲಿಗೆ ಹಾಲು ಹಾಕ್ಕೊಂಡು ಹೋಗ್ಲಾ?"

ಅಕ್ಕ ನಗಲಿಲ್ಲ. ಹಾಲೋ ಸುಣ್ಣವೋ ಅನ್ನುವುದು ನಿಜವಾಗಿ ಕಾಣುತ್ತಿದೆಯೋ, ಇಲ್ಲ ತಾನೇ ಅಂದುಕೊಳ್ಳುತ್ತಿದ್ದೇನೋ ಅನ್ನುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದೇ ಅವಳನ್ನು ಕೊರೆಯುತ್ತಿದ್ದದ್ದು. ಬಯೋಡೇಟಾದ ಖಾಲಿ ಸಾಲು ಬರೀ ನೆಪ. ಕಣ್ಣು ಇದೆಯೋ ಹೋಯಿತೋ ಅನ್ನುವುದು ಪ್ರಶ್ನೆ.

ಯಾಕೆಂದರೆ ಅವಳ ಕೊನೆಯ ಸಹಿ ತಪ್ಪಾಗಿತ್ತು. ಲ್ಯಾಬಿನಲ್ಲಿ ಒಂದು ಪೆಟ್ಟಿಗೆ ಇರುತ್ತದೆ, ಒಳಗೆಲ್ಲ ಬೂದು ಬಣ್ಣ ಬಳಿದದ್ದು. ಒಂದೊಂದು ಗುಂಡಿ ಒತ್ತಿದರೆ ಒಂದೊಂದು ಬೆಳಕು: ಹಗಲಿನದು, ಅಂಗಡಿಯದು, ಮನೆ ಬಲ್ಬಿನದು. ಒಂದು ಬೆಳಕಿನಲ್ಲಿ ಅವಳಿ-ಜವಳಿಯಂತೆ ಕಂಡ ಎರಡು ಬಟ್ಟೆ ಇನ್ನೊಂದು ಬೆಳಕಿನಲ್ಲಿ ಸಂಬಂಧವೇ ಇಲ್ಲದವರ ಹಾಗೆ ಮುಖ ತಿರುಗಿಸಬಹುದು. ಅದಕ್ಕೇ ಮೂರರಲ್ಲೂ ನೋಡದೆ ಸಹಿ ಹಾಕಬಾರದು. ಆವತ್ತು ಹಗಲಿನ ದೀಪ ಸುಟ್ಟುಹೋಗಿತ್ತು. ಹೊರಗೆ ಬಿಸಿಲಲ್ಲಿ ಹಿಡಿದು ನೋಡಲು ಎರಡು ಮಹಡಿ ಇಳಿಯಬೇಕು. ಪುಟ್ಟಿ ಹೊಟ್ಟೆಯಲ್ಲಿದ್ದಳು, ಅಕ್ಕನ ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಸ್ಕೂಲ್ ಯೂನಿಫಾರ್ಮಿನ ಕಡುನೀಲಿ ಬಟ್ಟೆ, ಒಂಬತ್ತು ವರ್ಷದಲ್ಲಿ ನೂರು ಸಲ ನೋಡಿದ್ದು. ಅಂಗಡಿಯ ಬೆಳಕೊಂದರಲ್ಲೇ ನೋಡಿ ಸಹಿ ಎಳೆದಳು.

ಹೆರಿಗೆ ರಜೆಯಲ್ಲಿದ್ದಾಗ ಹಳೆಯ ಲ್ಯಾಬ್ ಮಾಸ್ತರರಿಂದ ಒಂದು ಲಕೋಟೆ ಬಂತು. ಪತ್ರವಿಲ್ಲ, ಬೈಗುಳವಿಲ್ಲ. ಗುಂಡುಸೂಜಿ ಚುಚ್ಚಿದ ಎರಡು ನೀಲಿ ಚೂರು, ಅಷ್ಟೇ. ಕಿಟಕಿಗೆ ಹಿಡಿದಾಗ ಒಂದು ನೀಲಿಯಾಗಿಯೇ ಇತ್ತು, ಇನ್ನೊಂದು ನೇರಳೆಗೆ ತಿರುಗಿತ್ತು. ಶಾಲೆಯ ಬಯಲಲ್ಲಿ ಮಕ್ಕಳು ಸಾಲಾಗಿ ನಿಂತಾಗ ಎರಡು ಶಾಲೆಯವರು ಬಂದು ಸೇರಿಕೊಂಡ ಹಾಗೆ ಕಂಡರಂತೆ. ಅಕ್ಕ ಆ ಚೂರುಗಳನ್ನು ಬೀರುವಿನಲ್ಲಿ ಸ್ವೆಟರುಗಳ ಕೆಳಗೆ ಇಟ್ಟಳು. ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಯಾಕೆ ವಾಪಸ್ ಹೋಗಲಿಲ್ಲ ಅಂತ ಕೇಳಿದವರಿಗೆಲ್ಲ ಮಗಳನ್ನು ತೋರಿಸಿದಳು.

ಶನಿವಾರ ಸಂಜೆ ತಮ್ಮ ಬಂದ. ಬಾಗಿಲಲ್ಲಿ ನಿಂತು ಚೌಕಟ್ಟಿಗೆ ಒಂದು ಕೈ ಕೊಟ್ಟು, "ಹೆದರಿಕೆಗೆ ವಿಳಾಸ ಕೊಟ್ಟೋರು ಯಾರು? ನಾನ್ ಬಂದಿದ್ದೀನಿ ಅಂತ ಹೇಳಿ, ಮನೆ ಖಾಲಿ ಮಾಡುತ್ತೆ!" ಅಂದ.

"ಚಪ್ಪಲಿ ಹೊರಗೆ ಬಿಡು, ಒರೆಸಿದ್ದೀನಿ," ಅಂದಳು ಅಕ್ಕ.

ಅವನು ಹನ್ನೆರಡನೆಯ ಹಾಳೆ ಎತ್ತಿಕೊಂಡು ಓದಿದ. ಒಂಬತ್ತು ವರ್ಷದ ಕೆಳಗೆ ಇಸವಿಯಿಂದ ಇಸವಿಗೆ ಒಂದು ಗೆರೆ, ಅದರ ಮುಂದೆ ಏನೂ ಇಲ್ಲ.

"ಅಕ್ಕಾ, ಇದು ಬಯೋಡೇಟಾ ಅಲ್ಲ ಕಣೇ. ಇಂಟರ್ವಲ್ ಆದ್ಮೇಲೆ ರೀಲ್ ಸುಟ್ಟೋದ ಸಿನಿಮಾ. ಆ ಸಾಲು ನಂಗ್ ಬಿಡು."

"ಏನೂ ಸೇರಿಸ್ಬೇಡ. ಸುಮ್ನೆ ಟೈಪ್ ಮಾಡ್ಕೊಡು, ಸಾಕು."

"ಒಂದ್ ಚಿಟಿಕೆ ಉಪ್ಪು..."

"ಲೋ! ಖಾಲಿ ಇದ್ರೆ ಖಾಲಿ ಇರ್ಲಿ. ಆಣೆ ಹಾಕು."

"ಆಯ್ತು ಮಾರಾಯ್ತಿ. ನನ್ ಕಾಲಾಣೆ." ಅಂದು ಬಲಗಾಲು ಮುಟ್ಟಿದ.

"ಆ ಕಾಲಲ್ಲ. ಎಡಗಾಲ್ ಮೇಲೆ ಹಾಕು. ಅದಕ್ಕೆ ನಾನು ಎರಡು..." ಅಕ್ಕ ಅಲ್ಲಿಗೇ ನಿಲ್ಲಿಸಿ ಮೇಜಿನ ಮೇಲಿಲ್ಲದ ಧೂಳು ಒರೆಸಿದಳು.

ತಮ್ಮ ಎಡಗಾಲು ಮುಟ್ಟಿದ. ಪ್ಯಾಂಟಿನ ಒಳಗೆ, ಚರ್ಮದ ಒಳಗೆ, ಮೊಣಕಾಲಿನಿಂದ ಕೆಳಕ್ಕೆ ಒಂದು ಸರಳಿತ್ತು. "ಒಳಗಿರೋದು ಸ್ಟೀಲು ಅಕ್ಕಾ. ಇದರ ಮೇಲೆ ಹಾಕಿದ ಆಣೆಗೆ ತುಕ್ಕು ಹಿಡಿಯಲ್ಲ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನು ಎರಡು ವಸ್ತು ತಂದ. ಒಂದು, ಗೋಂದು ಹಚ್ಚಿ ಮುಚ್ಚಿದ ಬಿಳಿ ಲಕೋಟೆ. "ತೆಗೀಬೇಡ, ಮಡಿಕೆ ಬಿದ್ರೆ ಮರ್ಯಾದೆ ಹೋಗುತ್ತೆ." ಇನ್ನೊಂದು, ಕವರಿನಲ್ಲಿ ಒಂದು ಟಾಪು. ಕೆಂಪು ಅಂದರೆ ಎಂಥ ಕೆಂಪು! ಸಿಗ್ನಲ್ ನೋಡಿದರೆ ನಾಚಿ ಹಸಿರಾಗಬೇಕು.

"ಇದನ್ನ ಹಾಕ್ಕೊಂಡು ಹೋಗ್ಬೇಕು. ಎಂಟ್ರಿ ಸೀನ್ ಅಂದ್ರೆ ಹಂಗಿರ್ಬೇಕು. ಬಾಗಿಲು ತೆಗೆದ ಕೂಡ್ಲೆ ಎಲ್ಲರ ಕಣ್ಣು ನಿನ್ ಮೇಲೆ."

"ಇಷ್ಟು ಕೆಂಪಾ?"

"ಏಳು ವರ್ಷ ಮಸಿಬಟ್ಟೆ ಬಣ್ಣದಲ್ಲಿ ಓಡಾಡಿದ್ದು ಸಾಕು ಕಣೇ!"

ಅಕ್ಕನಿಗೆ ವಾದ ಮಾಡಲು ಸಮಯವಿರಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಬಟ್ಟೆ ಬದಲಾಯಿಸಿ ಮೂರನ್ನೂ ಹಾಸಿಗೆಯ ಮೇಲೆ ಎಸೆದಿದ್ದಳು. ಮಿಲ್ಲಿನಲ್ಲಿ ತೊಡುತ್ತಿದ್ದ ಬೂದು ಕೋಟು ಎಂದೋ ನೆಲ ಒರೆಸುವ ಬಟ್ಟೆಯಾಗಿ, ಈಗ ಬಕೆಟ್ಟಿನ ಅಂಚಿಗೆ ಒಣಗುತ್ತಿತ್ತು. ಕೆಂಪು ಟಾಪು ಹಾಕಿಕೊಂಡಳು. ಹೊರಡುವ ಮುಂಚೆ ಬೀರು ತೆಗೆದು, ಯಾಕೆ ಅಂತ ತನಗೇ ತಿಳಿಯದೆ, ಸ್ವೆಟರುಗಳ ಕೆಳಗಿನ ನೀಲಿ ಚೂರುಗಳನ್ನು ಕೈಚೀಲಕ್ಕೆ ಹಾಕಿಕೊಂಡಳು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಎಳೆದು ನೋಡಿದಳು. ಬಸ್ ಸ್ಟಾಪಿನಿಂದ ಇನ್ನೊಂದು ಸಲ ಬಂದು ನೋಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಲಕೋಟೆ ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ತಿರುವಿನಲ್ಲಿ ತಿರುಗಿ, ಬಿಸಿಲು ನೇರ ಎದೆಯ ಮೇಲೆ ಬಿತ್ತು. ಅಕ್ಕ ಕೆಳಗೆ ನೋಡಿದಳು. ಬಿಳಿ ಲಕೋಟೆ ಗುಲಾಬಿಯಾಗಿತ್ತು.

ಕೈ ಅಡ್ಡ ಇಟ್ಟಳು, ಲಕೋಟೆ ಬಿಳಿಯಾಯಿತು. ಕೈ ತೆಗೆದಳು, ಗುಲಾಬಿ. ಅವಳ ಟಾಪಿನ ಕೆಂಪು ಎದುರಿಗೆ ಇದ್ದದ್ದಕ್ಕೆಲ್ಲ ಬಳಿಯುತ್ತಿತ್ತು. ಶೇಡ್ ನೋಡುವವರು ಕೆಲಸದ ಜಾಗಕ್ಕೆ ಗಾಢ ಬಣ್ಣ ಉಟ್ಟು ಹೋಗುವುದಿಲ್ಲ. ಉಟ್ಟ ಬಣ್ಣ ಬಟ್ಟೆಯ ಚೂರಿನ ಮೇಲೆ ಬಿದ್ದು ಕಣ್ಣಿಗೆ ಸುಳ್ಳು ಹೇಳುತ್ತದೆ. ಉಗುರಿಗೆ ಬಣ್ಣ ಹಚ್ಚಿದರೂ ಹಳೆಯ ಮಾಸ್ತರರು ಬಾಗಿಲಿನಿಂದಲೇ ಓಡಿಸುತ್ತಿದ್ದರು. ಮೊದಲ ದಿನ ಸೇರಿದ ಹುಡುಗಿಗೆ ಹೇಳಿಕೊಡುವ ಮೊದಲ ಪಾಠ ಅದು. ಒಂಬತ್ತು ವರ್ಷ ಕನಸಿನಲ್ಲೂ ಮಾಡದ ತಪ್ಪನ್ನು ಇವತ್ತು ಮೈಮೇಲೆ ಹೊದ್ದುಕೊಂಡು ಹೊರಟಿದ್ದಳು. ಎದ್ದಳು. ಇಳಿದುಬಿಡುವುದು ಅಂದುಕೊಂಡಳು. ಕೂತಳು. ಮತ್ತೆ ಎದ್ದಳು.

"ಅಮ್ಮಾ, ಇಳೀತೀರೋ ಕೂರ್ತೀರೋ ಒಂದು ಡಿಸೈಡ್ ಮಾಡಿ, ನಂಗೂ ಕಾಲಿದೆ," ಅಂದ ಪಕ್ಕದಲ್ಲಿ ನಿಂತಿದ್ದ ಮುದುಕ.

"ಕೂರ್ತೀನಿ," ಅಂದು ಅಕ್ಕ ಕೂತಳು. ಲಕೋಟೆಯನ್ನು ಮಗುಚಿ ಸೀಟಿನ ಮೇಲಿಟ್ಟು, ಟಾಪಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ಒಳಗಡೆ ಲೈನಿಂಗ್ ಇತ್ತು. ಬೂದು.

ಮಿಲ್ಲಿನ ಟಾಯ್ಲೆಟ್ಟಿನಲ್ಲಿ ಎರಡು ನಿಮಿಷ ಸಾಕಾಯಿತು. ಹೊರಗೆ ಬಂದಾಗ ಟಾಪು ಉಲ್ಟಾ ಆಗಿತ್ತು. ಹೊಲಿಗೆಗಳೆಲ್ಲ ಹೊರಗೆ, ಹೆಗಲ ಮೇಲೆ ಎಳೆ ಬಿಟ್ಟ ದಾರ, ಪಕ್ಕೆಯಲ್ಲಿ 'ತಣ್ಣೀರಲ್ಲಿ ಒಗೆಯಿರಿ' ಅನ್ನುವ ಚೀಟಿ ಬಾಲದಂತೆ ಅಲ್ಲಾಡುತ್ತಿತ್ತು.

"ಮೇಡಂ..." ಅಂತ ಶುರುಮಾಡಿದಳು ಮುಂಬಾಗಿಲಲ್ಲಿ ಕೂತ ಹುಡುಗಿ, ದನಿ ತಗ್ಗಿಸಿ. "ನಿಮ್ಮ ಟಾಪು..."

"ಗೊತ್ತಮ್ಮಾ. ಲ್ಯಾಬ್ ಇನ್ನೂ ಎರಡನೇ ಮಹಡೀಲೇನಾ?"

ಹೊಸ ಮೇಡಂ ಬೂದು ಕೋಟಿನಲ್ಲಿ ಕೂತಿದ್ದರು. ಕತ್ತರಿಸಿದ ಕೂದಲು, ನೇರ ನೋಟ. ಪಕ್ಕದಲ್ಲಿ ಬಣ್ಣ ಅಳೆಯುವ ಯಂತ್ರ, ಹಿಂದೆ ಗೋಡೆ ಒಡೆದು ಕೂರಿಸಿದ ದೊಡ್ಡ ಕಿಟಕಿ. ಏಳು ವರ್ಷದ ಹಿಂದೆ ಎರಡೂ ಇರಲಿಲ್ಲ. ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಚೀಟಿಯ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿದರು. ಲಕೋಟೆ ಹರಿದು ಹಾಳೆ ಬಿಡಿಸಿದರು.

"ಒಂಬತ್ತು ವರ್ಷ ಇಲ್ಲೇ. ಸರಿ. ಆಮೇಲೆ ಏಳು ವರ್ಷ... ಓಹೋ. 'ಮುಖ್ಯ ಬಣ್ಣ ತಜ್ಞೆ, ಏಳು ಬಣ್ಣ ಇಂಟರ್‌ನ್ಯಾಷನಲ್.' ಈ ಕಂಪನಿ ಹೆಸರೇ ಕೇಳಿಲ್ವಲ್ಲ ನಾನು?"

ನಾನೂ ಕೇಳಿಲ್ಲ ಅನ್ನುವ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು.

"ವಿಚಾರಿಸಲು, ಮ್ಯಾನೇಜಿಂಗ್ ಡೈರೆಕ್ಟರ್..." ಮೇಡಂ ಮೇಜಿನ ಫೋನು ಎಳೆದುಕೊಂಡು ಸ್ಪೀಕರ್ ಒತ್ತಿ, ನಂಬರನ್ನು ಒಂದೊಂದಾಗಿ ಓದುತ್ತಾ ಒತ್ತಿದರು. ಆರನೆಯ ಅಂಕಿಗೆ ಬರುವಷ್ಟರಲ್ಲಿ ಉಳಿದ ಅಂಕಿಗಳು ಅಕ್ಕನಿಗೆ ಬಾಯಿಪಾಠವಾಗಿದ್ದವು.

ಎರಡು ರಿಂಗಿಗೆ ಫೋನ್ ಎತ್ತಿದರು. ಗಂಟಲಿನ ತಳದಿಂದ, ಬಾವಿಯೊಳಗಿಂದ ಬಂದಂಥ ದನಿ.

"ಈ ನಂಬರಿಗೆ ಫೋನ್ ಮಾಡೋರು ಇಬ್ಬರೇ. ಕಷ್ಟ ಇರೋರು, ಕಷ್ಟ ಬೇಕಾಗಿರೋರು. ನೀವು ಯಾವ ಲಿಸ್ಟು?"

"ನಾನು ಮಿಲ್ಲಿನ ಲ್ಯಾಬಿಂದ ಮಾತಾಡ್ತಿದ್ದೀನಿ. ಇವರು ನಿಮ್ಮಲ್ಲಿ ಏಳು ವರ್ಷ ಕೆಲಸ ಮಾಡಿದ್ರಂತೆ."

"ಕೆಲಸ?" ಒಂದು ನಗು, ಮೂರು ತುಂಡಾಗಿ. "ಕೆಲಸ ನಾವು ಮಾಡ್ತಿದ್ವಿ ಮೇಡಂ. ಅವರು ನೋಡ್ತಿದ್ರು. ಅವರು ಒಂದ್ ನೋಟ ಬಿಟ್ರೆ ಬಣ್ಣ ತಾನಾಗೇ ತಪ್ಪೊಪ್ಕೋತಿತ್ತು."

"ಶೇಡ್ ಯಾವ ಬೆಳಕಲ್ಲಿ ಪಾಸ್ ಮಾಡ್ತಿದ್ರಿ?"

ಆ ಕಡೆ ಒಂದು ಕೆಮ್ಮು. ಹಿಂದಿನಿಂದ ಒಂದು ಮಷಿನ್ನಿನ ಗರಗರ.

"ಬೆಳಕು... ನಮ್ಮಲ್ಲಿ ಬೆಳಕಿಗೆ ಭೇದ ಇಲ್ಲ ಮೇಡಂ. ಕರೆಂಟ್ ಹೋದ್ರೆ ಮೊಬೈಲ್ ಟಾರ್ಚಲ್ಲೂ ಪಾಸ್ ಮಾಡ್ತಿದ್ವಿ."

"ಅಣ್ಣಾ, ಎರಡು ಜೆರಾಕ್ಸ್!" ಅಂತ ಯಾರೋ ಕೂಗಿದರು.

"ಒಂದ್ ಸೈಡಾ, ಎರಡು ಸೈಡಾ?" ಅಂದಿತು ಬಾವಿಯ ದನಿ, ಬಾವಿಯಿಂದ ಮೇಲೆ ಬಂದು. ಮತ್ತೆ ಕೂಡಲೇ ಕೆಳಗಿಳಿದು, "ಕ್ಷಮಿಸಿ, ಬೋರ್ಡ್ ಮೀಟಿಂಗ್ ನಡೀತಿದೆ," ಅಂದಿತು.

ಮತ್ತೆ ಹೇಳುವುದೇನಿದೆ? ಮೇಡಂ ಗಡಗಡ ನಡುಗಿ ಎದ್ದು ನಿಂತರು. ಇಂಥ ಕಂಪನಿಯಲ್ಲಿ ಪಳಗಿದ ತಜ್ಞೆ ನಮಗೆ ಸಿಕ್ಕಿದ್ದೇ ಪುಣ್ಯ ಅಂದರು, ಅಲ್ಲೇ ಆರ್ಡರ್ ಬರೆದು ಕೈಗಿಟ್ಟರು. ಅಕ್ಕ ನಿಧಾನವಾಗಿ ನಡೆದು ಬರುತ್ತಾಳೆ, ಗಾಳಿಗೆ ಕೂದಲು ಹಾರುತ್ತದೆ, ಹಿಂದೆ ಮ್ಯೂಸಿಕ್ಕು. ಶುಭಂ.

ಜೆರಾಕ್ಸ್ ಅಂಗಡಿಗೆ ಬಯೋಡೇಟಾ ಬರೆಸಲು ಬರುವವರಿಗೆ ನಾನು ಕತೆಯನ್ನು ಇಲ್ಲಿಗೇ ಮುಗಿಸುತ್ತೇನೆ. ಅವರು ಖುಷಿಯಾಗಿ ಬರೆಸಿಕೊಂಡು ಹೋಗುತ್ತಾರೆ. ನೀವು ಯಾಕೋ ಇನ್ನೂ ಎದ್ದಿಲ್ಲ. ಸರಿ, ಆದದ್ದನ್ನೇ ಹೇಳುತ್ತೇನೆ.

ಮೇಡಂ ನಡುಗಲಿಲ್ಲ. ಫೋನನ್ನು ಕಟ್ ಮಾಡಲೂ ಇಲ್ಲ, ಅಕ್ಕನ ಮುಖ ನೋಡಿದರು ಅಷ್ಟೇ. ಅಕ್ಕನೇ ಕೈ ಚಾಚಿ ಫೋನಿನ ಗುಂಡಿ ಒತ್ತಿದಳು. ನಾನು ಇತ್ತ "ಹಲೋ, ಹಲೋ, ಲೈನಲ್ಲಿದ್ದೀರಾ?" ಅನ್ನುತ್ತಲೇ ಇದ್ದೆ.

"ಅವನು ನನ್ನ ತಮ್ಮ ಮೇಡಂ," ಅಂದಳು ಅಕ್ಕ. "ಜೆರಾಕ್ಸ್ ಅಂಗಡೀಲಿರ್ತಾನೆ. ಆ ಕಂಪನಿ ಇಲ್ಲ. ಇದು ಬರೆದಿರೋದು ನಂಗೂ ಈಗ್ಲೇ ಗೊತ್ತಾಗಿದ್ದು. ಆದ್ರೂ ಲಕೋಟೆ ತಂದೋಳು ನಾನೇ."

ಮೇಡಂ ಹಾಳೆಯನ್ನು ಮೇಜಿನ ಈಚೆಗೆ ತಳ್ಳಿದರು. "ಹೋಗ್ಬಹುದು."

ಅಕ್ಕ ಎದ್ದಳು. ಬಾಗಿಲವರೆಗೂ ಹೋದಳು. ಅದೇ ಬಾಗಿಲಿನ ಪಕ್ಕದಲ್ಲಿ ಅದೇ ಹಳೆಯ ಬೂದು ಪೆಟ್ಟಿಗೆ ಇತ್ತು, ಅಂಚಿನಲ್ಲಿ ಅವಳ ಮೊಣಕೈ ತಾಗಿ ತಾಗಿ ಬಣ್ಣ ಎದ್ದ ಜಾಗ ಇನ್ನೂ ಹಾಗೇ ಇತ್ತು. ಅಲ್ಲಿಂದ ವಾಪಸ್ ಬಂದಳು. ಕೈಚೀಲದಿಂದ ನೀಲಿ ಚೂರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಹೋಗ್ತೀನಿ. ಆದ್ರೆ ನನ್ನ ಬಗ್ಗೆ ನಿಜ ಹೇಳೋದು ಇದೊಂದೇ ಇದೆ. ಇದು ಈ ಲ್ಯಾಬಲ್ಲಿ ನಾನು ಹಾಕಿದ ಕೊನೇ ಸಹಿ. ಹಗಲು ದೀಪ ಹೋಗಿತ್ತು, ಮೆಟ್ಟಿಲು ಇಳಿಯೋಕೆ ಸೋಮಾರಿತನ ಮಾಡ್ದೆ. ಇಲ್ಲಿ ನೋಡಿದ್ರೆ ಸರಿ ಇದೆ. ಕಿಟಕೀಲಿ ನೋಡಿ." ಆಮೇಲೆ ನನ್ನ ಟೈಪಿಂಗಿನ ಕಡೆ ಬೆರಳು ತೋರಿಸಿದಳು. "ನಮ್ ತಮ್ಮಂದೂ ಅದೇ ಕತೆ ಮೇಡಂ. ಟ್ಯೂಬ್‌ಲೈಟಲ್ಲಿ ಚೆನ್ನಾಗಿದೆ."

ಮೇಡಂ ಚೂರುಗಳನ್ನು ಎತ್ತಿಕೊಂಡು ಕಿಟಕಿಗೆ ಹೋದರು. ಒಂದರ ಮೇಲೆ ಒಂದಿಟ್ಟು ನೋಡಿದರು. ತಿರುಗದೆಯೇ ಕೇಳಿದರು:

"ಟಾಪು ಯಾಕೆ ಉಲ್ಟಾ?"

"ಹೊರಗಡೆ ಕೆಂಪು. ಚೂರಿನ ಮೇಲೆ ಬೀಳುತ್ತೆ."

"ಬೆಳಿಗ್ಗೆ ಹಾಕ್ಕೊಳ್ಳುವಾಗ ಗೊತ್ತಿರ್ಲಿಲ್ವಾ?"

"ಮರ್ತೋಗಿತ್ತು. ಬಸ್ಸಲ್ಲಿ ನೆನಪಾಯ್ತು."

ಮೇಡಂ ಆಗಲೂ ನಗಲಿಲ್ಲ. ಐದು ಜೊತೆ ಚೂರುಗಳನ್ನು ತಂದು ಮುಂದೆ ಇಟ್ಟರು. ಕೆನೆ, ಕೆನೆ, ಬೂದು, ಕಂದು, ಹಸಿರು. ಅಕ್ಕ ಮೊದಲು ಒಂದು ನಿಮಿಷ ಬೂದು ಪೆಟ್ಟಿಗೆಯ ಒಳಗೋಡೆಯನ್ನೇ ನೋಡುತ್ತ ಕೂತಳು, ಕಣ್ಣು ತೊಳೆಯುವವಳ ಹಾಗೆ. ಮೂರು ದಿನದಲ್ಲಿ ಅವಳು ಅಲ್ಲಾಡದೆ ಕೂತದ್ದು ಅದೊಂದೇ ನಿಮಿಷವಂತೆ. ಆಮೇಲೆ ಒಂದೊಂದಾಗಿ ನೋಡಿದಳು, ಮೂರು ಬೆಳಕಿನಲ್ಲೂ, ಕಿಟಕಿಯಲ್ಲೂ. ನಾಲ್ಕು ಸರಿ ಹೇಳಿದಳು. ಅದರಲ್ಲಿ ಎರಡನೆಯ ಕೆನೆಯನ್ನು ಯಂತ್ರ ಪಾಸ್ ಮಾಡಿತ್ತು, ಅಕ್ಕ ಬಿಸಿಲಲ್ಲಿ ಫೇಲ್ ಮಾಡಿದಳು. ಮೇಡಂ ತಾವೂ ಹಿಡಿದು ನೋಡಿ ಆ ಜೊತೆಯನ್ನು ಪಕ್ಕಕ್ಕಿಟ್ಟರು. ಹಸಿರು ತಪ್ಪಿದಳು. ಪೂರ್ತಿ ತಪ್ಪು.

"ಮೂರು ತಿಂಗಳು ಟ್ರಯಲ್," ಅಂದರು ಮೇಡಂ. "ಜೂನಿಯರ್ ಜಾಗ. ನಿಮಗಿಂತ ಚಿಕ್ಕ ಹುಡುಗಿ ಹೇಳಿದ್ದು ಕೇಳ್ಬೇಕಾಗುತ್ತೆ. ಹಸಿರು ಕಲೀಬೇಕು. ಈ ಸುಳ್ಳು ಹಾಳೆ ಫೈಲಲ್ಲಿ ಇರಕೂಡದು, ಸರಿಯಾದ್ದು ಬರೆದು ನಾಳೆ ತನ್ನಿ. ಇನ್ನೊಂದು, ಆ ಮ್ಯಾನೇಜಿಂಗ್ ಡೈರೆಕ್ಟರ್ ಈ ಗೇಟಿನ ಹತ್ರ ಕಾಣಿಸ್ಕೋಬಾರದು."

ಹಾಗಾಗಿ, ನನ್ನ ಫೋನ್ ಕಾಲ್ ಅಕ್ಕನಿಗೆ ಕೆಲಸ ಕೊಡಿಸಲಿಲ್ಲ. ಬಾಗಿಲವರೆಗೂ ಕಳಿಸಿತ್ತು. ಇದು ಅರ್ಧ ತಪ್ಪೊಪ್ಪಿಗೆ. ಉಳಿದರ್ಧ ಇನ್ನೂ ಇದೆ.

ಸಂಜೆ ಅಂಗಡಿಯಲ್ಲಿ ನಾನು ಅಕ್ಕನ ಬೈಗುಳಕ್ಕೆ ತಯಾರಾಗಿದ್ದೆ. ಮೂರು ಡೈಲಾಗ್ ರೆಡಿ ಇಟ್ಟಿದ್ದೆ, ಒಂದು ಅಳುವುದಕ್ಕೆ, ಎರಡು ನಗಿಸುವುದಕ್ಕೆ. ಅಕ್ಕ ಬಂದಳು, ಟಾಪು ಇನ್ನೂ ಉಲ್ಟಾನೇ. ಬೈಯಲಿಲ್ಲ. ನಾನು ಟೈಪ್ ಮಾಡಿದ ಹಾಳೆಯನ್ನೇ ಕೌಂಟರಿನ ಮೇಲಿಟ್ಟಳು. ಏಳು ಬಣ್ಣ ಇಂಟರ್‌ನ್ಯಾಷನಲ್ ಮೇಲೆ ನೆಟ್ಟಗೆ ಗೆರೆ ಎಳೆದು, ಕೆಳಗೆ ಬಸ್ಸಿನಲ್ಲಿ ಕೂತು ಪೆನ್ನಲ್ಲಿ ಬರೆದಿದ್ದಳು. ರಸ್ತೆಯಲ್ಲಿ ಗುಂಡಿ ಬಂದಾಗೆಲ್ಲ ಅಕ್ಷರ ಹಾರಿತ್ತು.

"ಇದನ್ನೇ ಕೊಡ್ತೀನಿ. ಹೊಸದಾಗ್ ಟೈಪ್ ಮಾಡ್ಬೇಡ, ನಿನ್ ಕೈ ಸುಮ್ನಿರಲ್ಲ. ನಂಗೊಂದು ಕಾಪಿ ಬೇಕು."

ಮಷಿನ್ನಿನ ಗಾಜಿನ ಮೇಲೆ ಮಗುಚುವ ಮುಂಚೆ ಓದಿದೆ. 'ಮಗಳಿಗೆ ನಾಲ್ಕು ವರ್ಷ. ತಮ್ಮನ ಕಾಲಿಗೆ ಎರಡು ವರ್ಷ. ಹೆದರಿಕೆಗೆ ಒಂದು ವರ್ಷ.'

ಪುಟ್ಟಿ ಶಾಲೆಗೆ ಸೇರುವ ಹೊತ್ತಿಗೆ, ಅಂದರೆ ಅವಳಿಗೆ ನಾಲ್ಕಾದಾಗ, ಅಕ್ಕ ಮತ್ತೆ ಕೆಲಸಕ್ಕೆ ಹೊರಟಿದ್ದಳು. ಅದೇ ವಾರ ನಾನು ಗೆಳೆಯರ ಮುಂದೆ ಬೈಕಿನ ಮುಂದಿನ ಚಕ್ರ ಎತ್ತಿ ಹೀರೋ ಆಗಲು ಹೋದೆ. ಮೂರು ಆಪರೇಷನ್. ಎರಡು ವರ್ಷ ಅವಳ ಮನೆಯ ಹಾಲಿನಲ್ಲಿ ಮಲಗಿದ್ದೆ, ಬೆಡ್‌ಪ್ಯಾನಿನಿಂದ ಊರುಗೋಲಿನವರೆಗೂ ಎಲ್ಲ ಅವಳೇ. ಭಾವ ಹೇಳಿದ್ದು ಸರಿ, ಆ ಮನೆಯಲ್ಲಿ ಮಲಗಿದ್ದವನು ಯಾರು ಅಂತ ಗೋಡೆಯನ್ನು ಕೇಳಿದರೂ ಹೇಳುತ್ತದೆ. ಆ ಖಾಲಿ ಸಾಲನ್ನು ನಾನು ತಮಾಷೆಗೆ ತುಂಬಿದ್ದಲ್ಲ. ಅದರಲ್ಲಿ ನಾನು ಕಾಣುತ್ತಿದ್ದೆ. ಅದಕ್ಕೆ ಅದರ ಮೇಲೆ ಒಂದು ಕಂಪನಿ ಕಟ್ಟಿದೆ. ಎಡಗಾಲಿನ ಆಣೆ ಹಾಕಿ ಅದೇ ಕಾಲನ್ನು ಅಡಗಿಸಿದೆ.

ಹಾಳೆ ಹಿಡಿದು ನಿಂತಿದ್ದೆ. ಅಕ್ಕ ಕೌಂಟರಿನ ಮೇಲೆ ಬೆರಳು ಬಡಿಯುತ್ತಿದ್ದಳು, ಬಸ್ಸು ತಪ್ಪುತ್ತದೆ ಅಂತ. ರೆಡಿ ಇಟ್ಟಿದ್ದ ಮೂರು ಡೈಲಾಗಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ದಿನಕ್ಕೆ ಇನ್ನೂರು ಸಲ ಕೇಳುವುದೇ ಬಂತು.

"ಒಂದ್ ಸೈಡಾ, ಎರಡು ಸೈಡಾ?"

"ಒಂದೇ ಸೈಡು," ಅಂದಳು ಅಕ್ಕ. "ಹಿಂದೆ ಏನೂ ಬರೆದಿಲ್ಲ. ಬೇಗ ಮಾಡೋ, ಪುಟ್ಟಿ ಒಬ್ಬಳೇ ಇದ್ದಾಳೆ, ನಿಮ್ ಭಾವ ಮಲಗಿರ್ತಾರೆ."